ಸ್ಲೈಡ್‌ಶೋದ ಸಂಗೀತ ಬೇರೆ ಕಂಪ್ಯೂಟರಿನಲ್ಲೂ ಕೇಳಿಸಬೇಕಾದರೆ

ಮಂಗಳೂರು ದಸರಾದ ಪಿಲಿವೇಷದ (ಹುಲಿವೇಷದ) 24 ಫೋಟೋ, ಹಿನ್ನೆಲೆಗೆ ತಾಸೆ ಎಂಬ ಚರ್ಮವಾದ್ಯದ ಪೆಟ್ಟು. ಮನೆಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಅದೇ ಪವರ್‌ಪಾಯಿಂಟ್ ಫೈಲನ್ನು ಪೆನ್‌ಡ್ರೈವಿನಲ್ಲಿ ಉಡುಪಿಯ ಕಾಲೇಜಿಗೆ ಒಯ್ದು ತೆರೆದರೆ ಚಿತ್ರ ಬರುತ್ತದೆ, ಶಬ್ದ ಬರುವುದಿಲ್ಲ. ಇಂಥ ಕಡೆ ಮೊದಲು ಕೇಳಿಕೊಳ್ಳಬೇಕಾದದ್ದು: ಹಾಡು ಫೈಲಿನ ಒಳಗೆ ಉಂಟೋ, ಅದರ ವಿಳಾಸ ಮಾತ್ರ ಉಂಟೋ?

ಫೋಟೋವನ್ನು ಸಾಮಾನ್ಯವಾಗಿ ಹಾಕಿದ ಕೂಡಲೇ ಅದು ಫೈಲಿನೊಳಗೆ ಸೇರಿಬಿಡುತ್ತದೆ. ಧ್ವನಿಗೆ ಎರಡು ದಾರಿ. ಒಂದು ಎಂಬೆಡ್, ಅಂದರೆ ಇಡೀ ಹಾಡು ಒಳಗೆ ಬರುವುದು. ಇನ್ನೊಂದು ಲಿಂಕ್, ಅಂದರೆ ‘ಸಿ ಡ್ರೈವ್, ಡೌನ್‌ಲೋಡ್ಸ್ ಫೋಲ್ಡರ್, ತಾಸೆ ಎಂಪಿ3’ ಎಂಬ ವಿಳಾಸ ಮಾತ್ರ ಬರುವುದು. ಕಾಲೇಜಿನ ಕಂಪ್ಯೂಟರಿನಲ್ಲಿ ಆ ವಿಳಾಸದಲ್ಲಿ ಏನೂ ಇಲ್ಲ. ಚಿತ್ರ ಬಂದು ಹಾಡು ಮಾತ್ರ ಬಾರದಿರಲು ಹೆಚ್ಚಿನ ಸಲ ಇದೇ ಕಾರಣ.

ಯಾವ ಆವೃತ್ತಿ, ಯಾವ ರೂಪ

ಪವರ್‌ಪಾಯಿಂಟ್ 2007 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ವೇವ್ ಫೈಲು (ಕುಗ್ಗಿಸದ ಧ್ವನಿ) ಮಾತ್ರ ಎಂಬೆಡ್ ಆಗುತ್ತಿತ್ತು. ಎಂಪಿ3 ಯಾವಾಗಲೂ ಲಿಂಕ್. ವೇವ್‌ಗೂ 100 ಕೆಬಿ ಮಿತಿ ಇತ್ತು. ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ಸೆಕೆಂಡಿಗೆ 176,400 ಬೈಟ್ ತಿನ್ನುವುದರಿಂದ 100 ಕೆಬಿಯಲ್ಲಿ ಹಿಡಿಸುವುದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ಆಪ್ಷನ್ಸ್‌ನಲ್ಲಿ ಮಿತಿಯನ್ನು 50,000 ಕೆಬಿವರೆಗೆ ಏರಿಸಬಹುದಿತ್ತು. ಆಗಲೂ ಐದು ನಿಮಿಷದ ಹಾಡು ಹಿಡಿಸುವುದಿಲ್ಲ.

2010ರ ಆವೃತ್ತಿಯಿಂದ ಈಚೆಗೆ ಎಂಪಿ3 ಕೂಡ ತಾನಾಗಿಯೇ ಎಂಬೆಡ್ ಆಗುತ್ತದೆ. ಆದರೆ ಫೈಲು ಪಿಪಿಟಿಎಕ್ಸ್ ರೂಪದಲ್ಲಿರಬೇಕು. ಸೀನಿಯರ್ ಕೊಟ್ಟ ಹಳೆಯ ಪಿಪಿಟಿ ಫೈಲನ್ನೇ ತೆರೆದು ಅದರಲ್ಲಿ ಕೆಲಸ ಮುಂದುವರಿಸಿದರೆ ಹಳೆಯ ನಿಯಮವೇ ನಡೆಯುತ್ತದೆ. ಮೇಲಿನ ಪಟ್ಟಿಯಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದು ಕಂಡರೆ ಫೈಲ್, ಇನ್ಫೋ, ಕನ್ವರ್ಟ್ ಒತ್ತಿ ಹೊಸ ರೂಪಕ್ಕೆ ತನ್ನಿ. ಬಳಿಕ ಸ್ಪೀಕರ್ ಚಿಹ್ನೆಯನ್ನು ಅಳಿಸಿ ಹಾಡನ್ನು ಹೊಸದಾಗಿ ಹಾಕಿ. ರೂಪ ಬದಲಾಯಿತೆಂದು ಹಳೆಯ ಲಿಂಕನ್ನು ಹಾಗೇ ನಂಬಿ ಕೂರಬೇಡಿ.

ಹಾಕುವುದು ಇನ್ಸರ್ಟ್, ಆಡಿಯೋ, ‘ಆಡಿಯೋ ಆನ್ ಮೈ ಪಿಸಿ’ ಮೂಲಕ. ಫೈಲು ಆರಿಸುವ ಕಿಟಕಿಯಲ್ಲಿ ಇನ್ಸರ್ಟ್ ಗುಂಡಿಯ ಪಕ್ಕ ಒಂದು ಸಣ್ಣ ಬಾಣ ಉಂಟು. ಅದನ್ನು ಒತ್ತಿದರೆ ‘ಲಿಂಕ್ ಟು ಫೈಲ್’ ಬರುತ್ತದೆ. ಅದು ಬೇಡ.

ಒಳಗೆ ನೋಡುವುದು

ಪಿಪಿಟಿಎಕ್ಸ್ ಎಂದರೆ ನಿಜವಾಗಿ ಒಂದು ಜಿಪ್ ಕಟ್ಟು. ಫೈಲಿನ ಪ್ರತಿ ಮಾಡಿಕೊಂಡು, ಪ್ರತಿಯ ಕೊನೆಯ ಪಿಪಿಟಿಎಕ್ಸ್ ತೆಗೆದು ಜಿಪ್ ಎಂದು ಬರೆಯಿರಿ (ಕೊನೆಯ ಭಾಗ ಕಾಣದಿದ್ದರೆ ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆರಿಸಿ). ಅದನ್ನು ತೆರೆದು ಪಿಪಿಟಿ ಫೋಲ್ಡರಿನೊಳಗಿನ ಮೀಡಿಯಾ ಫೋಲ್ಡರಿಗೆ ಹೋಗಿ. ಚಿತ್ರಗಳ ಸಾಲಿನಲ್ಲಿ ಮೀಡಿಯಾ1 ಎಂಬ ಎಂಪಿ3 ಅಥವಾ ಎಂ4ಎ ಕಂಡರೆ ಹಾಡು ಒಳಗಿದೆ. ಗಾತ್ರವೂ ಹೊಂದಬೇಕು: 128 ಕೆಬಿಪಿಎಸ್ ಎಂಪಿ3 ಆದರೆ ನಾಲ್ಕು ನಿಮಿಷಕ್ಕೆ ಸುಮಾರು 4 ಎಂಬಿ, ವೇವ್ ಆದರೆ ಸುಮಾರು 40 ಎಂಬಿ. ಬರೀ ಚಿತ್ರಗಳೇ ಇದ್ದರೆ ಹಾಡು ಹೊರಗೆ ಉಳಿದಿದೆ ಎಂದರ್ಥ. ಫೈಲ್, ಇನ್ಫೋ ಪುಟದಲ್ಲಿ ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ ಕಾಣಿಸಿದರೂ ಯಾವುದೋ ಲಿಂಕ್ ಉಳಿದಿದೆ ಎಂದೇ ತಿಳಿಯಿರಿ. ಸಭೆಯ ಹಿಂದಿನ ದಿನ ಎರಡೇ ನಿಮಿಷದಲ್ಲಿ ಮುಗಿಯುವ ಈ ತಪಾಸಣೆಯನ್ನು ಯಾರೂ ಬಿಡಬಾರದು.

ಹಳೆಯ ಆವೃತ್ತಿಯಲ್ಲೇ ಕೆಲಸ ಮಾಡಬೇಕಾಗಿ ಬಂದರೆ, ಹಾಡನ್ನು ಸೇರಿಸುವ ಮೊದಲೇ ಅದನ್ನೂ ಪ್ರೆಸೆಂಟೇಶನನ್ನೂ ಒಂದೇ ಫೋಲ್ಡರಿನಲ್ಲಿಡಿ. ಸೇರಿಸಿದ ಮೇಲೆ ಇಟ್ಟರೆ ಹಳೆಯ ವಿಳಾಸವೇ ಉಳಿದಿರುತ್ತದೆ. ಕೊಡುವಾಗ ಇಡೀ ಫೋಲ್ಡರ್ ಕೊಡಿ. ಜಿಪ್ ಮಾಡಿ ಕಳಿಸಿದರೆ ಅತ್ತ ಕಡೆಯವರು ‘ಎಕ್ಸ್‌ಟ್ರ್ಯಾಕ್ಟ್ ಆಲ್’ ಮಾಡಿಯೇ ತೆರೆಯಬೇಕು. ಜಿಪ್‌ನೊಳಗಿಂದಲೇ ಡಬಲ್ ಕ್ಲಿಕ್ ಮಾಡಿದರೆ ಲಿಂಕ್ ಸಿಗುವುದಿಲ್ಲ.

ಒಳಗಿದ್ದೂ ಬಾರದಿದ್ದರೆ

ವಾಟ್ಸಾಪಿನ ವಾಯ್ಸ್ ಮೆಸೇಜನ್ನು ಹಾಗೇ ಸೇರಿಸಲು ಹೋಗುವವರು ಬಹಳ. ಅದು ಓಪಸ್ ಎಂಬ ಬೇರೆ ಧ್ವನಿ ರೂಪದ್ದು. ಹೆಸರಿನ ಕೊನೆಗೆ ಎಂಪಿ3 ಎಂದು ಬರೆದರೆ ರೂಪ ಬದಲಾಗುವುದಿಲ್ಲ, ಆಡಾಸಿಟಿಯಂಥ ತಂತ್ರಾಂಶದಲ್ಲಿ ತೆರೆದು ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಬೇಕು. 2013 ಮತ್ತು ನಂತರದ ಪವರ್‌ಪಾಯಿಂಟಿಗೆ ಎಎಸಿ ಎಂಬ ಬಗೆಯಲ್ಲಿ ಕುಗ್ಗಿಸಿದ ಧ್ವನಿಯ ಎಂ4ಎ ಫೈಲು ಚೆನ್ನಾಗಿ ಒಗ್ಗುತ್ತದೆ. ಇನ್ಫೋ ಪುಟದಲ್ಲಿ ‘ಆಪ್ಟಿಮೈಜ್ ಕಂಪ್ಯಾಟಿಬಿಲಿಟಿ’ ಕಂಡರೆ ಅದನ್ನೂ ಒಂದು ಸಲ ಒತ್ತಿ. ಮೇಲ್ ಮೂಲಕ ಬಂದ ಫೈಲು ಹಳದಿ ಪಟ್ಟಿಯೊಂದಿಗೆ ತೆರೆದರೆ ‘ಎನೇಬಲ್ ಎಡಿಟಿಂಗ್’ ಒತ್ತುವ ತನಕ ಹಾಡು ಬಾರದು.

ಮೊದಲ ಸ್ಲೈಡಿನಲ್ಲಿ ನುಡಿದು ಎರಡನೆಯದಕ್ಕೆ ನಿಲ್ಲುತ್ತದೆಯೇ? ಸ್ಪೀಕರ್ ಚಿಹ್ನೆ ಆರಿಸಿ ಪ್ಲೇಬ್ಯಾಕ್ ಟ್ಯಾಬಿನಲ್ಲಿ ‘ಪ್ಲೇ ಇನ್ ಬ್ಯಾಕ್‌ಗ್ರೌಂಡ್’ ಒತ್ತಿ. ಎರಡು ಹಾಡುಗಳಿದ್ದಾಗ ಮಾತ್ರ ಇದು ತೊಂದರೆ, ತಾಸೆಯ ಮೇಲೆ ಚೆಂಡೆ ಬಂದು ಎರಡೂ ಕಲಸಿಹೋಗುತ್ತವೆ. ಆಗ ಅನಿಮೇಶನ್ ಪೇನ್‌ನಲ್ಲಿ ಆ ಹಾಡಿನ ‘ಎಫೆಕ್ಟ್ ಆಪ್ಷನ್ಸ್’ ತೆರೆದು ‘ಸ್ಟಾಪ್ ಪ್ಲೇಯಿಂಗ್’ ಕೆಳಗೆ 12 ಸ್ಲೈಡ್ ಎಂದು ಕೊಡಿ, ಎರಡನೆಯ ಹಾಡನ್ನು 13ನೇ ಸ್ಲೈಡಿನಲ್ಲಿ ಹಾಕಿ ಅದಕ್ಕೂ 12 ಕೊಡಿ. ಎಣಿಕೆ ಹಾಡು ಹಾಕಿದ ಸ್ಲೈಡಿನಿಂದ ಶುರುವಾಗುತ್ತದೆ, 24 ಎಂದು ಬರೆಯಬೇಕಾಗಿಲ್ಲ.

ಸಭಾಂಗಣದಲ್ಲಿ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದೊಡನೆ ವಿಂಡೋಸ್ ಧ್ವನಿಯನ್ನು ಪ್ರೊಜೆಕ್ಟರಿಗೆ ಕಳಿಸಿಬಿಡುವುದುಂಟು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಮೈಕ್‌ಸೆಟ್‌ನವರು ಹಾಕಿದ ವಯರಿನಲ್ಲಿ ಏನೂ ಬರುವುದಿಲ್ಲ. ಟಾಸ್ಕ್‌ಬಾರಿನ ಸ್ಪೀಕರ್ ಚಿಹ್ನೆ ಒತ್ತಿ ಔಟ್‌ಪುಟ್ಟನ್ನು ಹೆಡ್‌ಫೋನಿಗೆ ಬದಲಿಸಿ. ಈ ಪರೀಕ್ಷೆ ಎಚ್‌ಡಿಎಂಐ ಹಾಕಿದ ಮೇಲೆಯೇ ಆಗಬೇಕು, ಮೊದಲು ಮಾಡಿದ್ದು ಲೆಕ್ಕಕ್ಕಿಲ್ಲ.

ಗೂಗಲ್ ಸ್ಲೈಡ್ಸ್‌ನಲ್ಲಿ ಹಾಡು ಡ್ರೈವಿನಲ್ಲಿ ಬೇರೆ ಫೈಲಾಗಿಯೇ ಇರುತ್ತದೆ. ಸ್ಲೈಡುಗಳನ್ನು ಹಂಚಿ ಹಾಡನ್ನು ಹಂಚದಿದ್ದರೆ ನಿಮಗೆ ಕೇಳುತ್ತದೆ, ಉಳಿದವರಿಗೆ ಇಲ್ಲ.

ಅಲ್ಲಿ ಯಾವ ಕಂಪ್ಯೂಟರ್, ಯಾವ ಆವೃತ್ತಿ ಎಂದೇ ಗೊತ್ತಿಲ್ಲದಿದ್ದರೆ ಫೈಲ್, ಎಕ್ಸ್‌ಪೋರ್ಟ್, ‘ಕ್ರಿಯೇಟ್ ಎ ವಿಡಿಯೋ’ದಿಂದ ಎಂಪಿ4 ಮಾಡಿ ಅದನ್ನೂ ಜೊತೆಗೆ ಒಯ್ಯಿರಿ. ಅಲ್ಲಿ ತಾನಾಗಿ ಬರುವ ಲೆಕ್ಕ ಸ್ಲೈಡಿಗೆ 5 ಸೆಕೆಂಡ್, 24 ಸ್ಲೈಡ್ ಎರಡೇ ನಿಮಿಷಕ್ಕೆ ಮುಗಿದು ಹಾಡು ನಡುವೆ ತುಂಡಾಗುತ್ತದೆ. ನಾಲ್ಕು ನಿಮಿಷದ ಹಾಡಿಗೆ 10 ಸೆಕೆಂಡ್ ಕೊಡಿ.