ಎಲ್ಕ್‌ಗೆ .30-06 ಸಾಕಾ, ಮ್ಯಾಗ್ನಮ್ಮೇ ಬೇಕಾ? ಗುಂಪಲ್ಲಿ ಯಾವುದನ್ನ ಹೊಡೀಬೇಕು?

ಓದುಗರ ಪ್ರಶ್ನೆ: "ಅಣ್ಣಾ, ನಾವು ಕೊಲೊರಾಡೋದ ಡೆನ್ವರ್ ಕಡೆ ಇರೋದು. ಈ ವರ್ಷ ಫಸ್ಟ್ ಟೈಮ್ ಕೌ ಎಲ್ಕ್ ಟ್ಯಾಗ್ ಸಿಕ್ಕಿದೆ. ನನ್ನ ಹತ್ರ ಇರೋದು ಒಂದು ಹಳೇ .30-06. ಶೂಟಿಂಗ್ ರೇಂಜಲ್ಲಿ ಯಾರನ್ನ ಕೇಳಿದ್ರೂ ಎಲ್ಕ್ ಅಂದ್ರೆ ಮ್ಯಾಗ್ನಮ್ಮೇ ಬೇಕು, ಇದ್ರಲ್ಲಿ ಹೊಡೆದ್ರೆ ಬೀಳಲ್ಲ ಅಂತಾರೆ. ಹೊಸ ಗನ್ ತಗೊಳ್ಳಾ? ಬುಲೆಟ್ ಯಾವುದು? ಗುಂಪು ಎದುರಿಗೆ ಬಂದ್ರೆ ಯಾವುದನ್ನ ಆರಿಸ್ಕೋಬೇಕು?"

ಆಗಸ್ಟ್ ಬಂತು ಅಂದ್ರೆ ಈ ಪ್ರಶ್ನೆ ಬರುತ್ತೆ, ಕೇಳೋರ ಹೆಸರು ಮಾತ್ರ ಬೇರೆ. ಅದ್ಕೆ ಈ ಸಲ ಉದ್ದಕ್ಕೇ ಬರೀತಿದೀನಿ, ಮುಂದಿನ ವರ್ಷ ಕೇಳಿದವ್ರಿಗೆ ಇದನ್ನೇ ಕಳಿಸ್ತೀನಿ. ಗೊತ್ತಿಲ್ಲದವ್ರಿಗೆ: ಎಲ್ಕ್ ಅಂದ್ರೆ ಅಮೆರಿಕದ ದೊಡ್ಡ ಜಿಂಕೆ ಜಾತಿ, ಕೌ ಅಂದ್ರೆ ಅದರ ಹೆಣ್ಣು, ಬುಲ್ ಗಂಡು, ಟ್ಯಾಗ್ ಅಂದ್ರೆ ಒಂದು ಪ್ರಾಣಿ ಹೊಡೆಯೋಕೆ ಸರ್ಕಾರ ಕೊಡೋ ಪರವಾನಗಿ. .30-06 ಅನ್ನೋದು ಒಂದು ರೈಫಲ್ ತೋಟಾದ ಹೆಸರು, ಮ್ಯಾಗ್ನಮ್ ಅಂದ್ರೆ ಜಾಸ್ತಿ ಮದ್ದು ತುಂಬಿದ, ಜಾಸ್ತಿ ಒದೆಯೋ ತೋಟಾ.

ಮೊದಲು ಉತ್ತರ ಹೇಳ್ಬಿಡ್ತೀನಿ, ಉಳಿದಿದ್ದು ಓದೋ ತಾಳ್ಮೆ ಇರೋರಿಗೆ. ಹೊಸ ಗನ್ ಬೇಡ. .30-06 ಗೆ 165 ಇಲ್ಲಾ 180 ಗ್ರೇನ್‌ನ (ಗ್ರೇನ್ ಅಂದ್ರೆ ಬುಲೆಟ್ ತೂಕದ ಅಳತೆ) ಒಂದು ಒಳ್ಳೇ ಗಟ್ಟಿ ಬುಲೆಟ್ ತಗೊಳ್ಳಿ, ಬಾಂಡೆಡ್ (ಏನು ಅಂತ ಮುಂದೆ ಹೇಳ್ತೀನಿ) ಆದ್ರೂ ಸರಿ, ಪೂರ್ತಿ ತಾಮ್ರದ್ದಾದ್ರೂ ಸರಿ. ಮ್ಯಾಗ್ನಮ್‌ಗೆ ಸುರಿಯೋ ದುಡ್ಡಲ್ಲಿ ಇನ್ನೂ ನಾಲ್ಕು ಡಬ್ಬಿ ತೋಟಾ ತಗೊಂಡು ರೇಂಜಿಗೆ ಹೋಗಿ. ಗುಂಪಲ್ಲಿ ಯಾವುದು ಅನ್ನೋದಕ್ಕೆ, ಪಕ್ಕೆ ತೋರಿಸ್ಕೊಂಡು ಒಂಟಿಯಾಗಿ ನಿಂತಿರೋ ಕೌ, ಅದರ ಹಿಂದೆ ಇನ್ನೊಂದು ಇರಬಾರ್ದು. ಅಷ್ಟೇ.

ಈಗ ಆ "ಬೀಳಲ್ಲ" ಅನ್ನೋ ಮಾತಿಗೆ ಬರೋಣ. ನಮ್ಮ ಕೊಡಗು, ಮಲೆನಾಡು ಕಡೆಯವ್ರ ತಲೇಲಿ ಇದು ಇನ್ನೂ ಗಟ್ಟಿಯಾಗಿ ಕೂತಿದೆ ಅಂತ ನನ್ನ ಅನುಮಾನ, ಅಜ್ಜಂದಿರ ಕಾಲದ ಕೋವಿ, ದಪ್ಪ ಗುಂಡುಗಳ ಎಲ್‌ಜಿ ತೋಟಾ, ಮೂವತ್ತು ಹೆಜ್ಜೆ ದೂರದಲ್ಲಿ ಹಂದಿ ಮಗುಚಿ ಬಿದ್ದ ಕಥೆ ಎಲ್ಲಾ ಕೇಳಿ ಬೆಳೆದಿರ್ತೀವಿ. ಆದ್ರೆ ಅಮೆರಿಕದವ್ರೂ ಏನು ಕಮ್ಮಿ ಇಲ್ಲ. ಐಡಾಹೋದ ಬಂದೂಕು ಲೇಖಕ ಎಲ್ಮರ್ ಕೀತ್ ದೊಡ್ಡ ಬೋರು (ನಳಿಗೆ ಅಗಲ), ಭಾರದ ಬುಲೆಟ್ ಅಂತಿದ್ರು, ಇನ್ನೊಬ್ಬ ಲೇಖಕ ಜ್ಯಾಕ್ ಒ'ಕಾನರ್ 1925ರಲ್ಲಿ ಬಂದ ಚಿಕ್ಕ ಬೋರಿನ .270 ವಿಂಚೆಸ್ಟರನ್ನ ಹೊಗಳಿ ಬರೀತಾ ಇದ್ರು, ಆ ಜಗಳ ದಶಕಗಟ್ಟಲೆ ನಡೀತು. ಇಬ್ರೂ ರಾಶಿ ಎಲ್ಕ್ ಹೊಡೆದೋರೇ. ಎರಡೂ ನಡೆಯುತ್ತೆ ಅಂತ ಅಲ್ಲೇ ಉತ್ತರ ಇತ್ತು, ಯಾರೂ ನೋಡ್ಲಿಲ್ಲ.

"ನಾಕ್‌ಡೌನ್ ಪವರ್" ಅಂತಾರಲ್ಲ, ಬುಲೆಟ್ ಬಡಿದ ರಭಸಕ್ಕೆ ಪ್ರಾಣಿ ಉರುಳಿ ಬೀಳುತ್ತೆ ಅನ್ನೋ ನಂಬಿಕೆ, ಅದನ್ನ ಎಸ್ಸೆಸ್ಸೆಲ್ಸಿ ಲೆಕ್ಕದಲ್ಲೇ ನೋಡ್ಬಹುದು. ನೀವೆಲ್ಲಾ ಇಂಜಿನಿಯರ್‌ಗಳು ತಾನೇ, ಪೆನ್ನು ತಗೊಳ್ಳಿ. 180 ಗ್ರೇನ್ ಅಂದ್ರೆ 11.7 ಗ್ರಾಂ. .30-06 ಇಂದ ಹೊರಟಿದ್ದು 200 ಯಾರ್ಡ್ ದಾಟೋವಾಗ ಸೆಕೆಂಡಿಗೆ ಸುಮಾರು 715 ಮೀಟರ್ ವೇಗದಲ್ಲಿರುತ್ತೆ. ಗುಣಿಸಿದ್ರೆ ಆವೇಗ 8.4. ಕೌ ಎಲ್ಕ್ ತೂಕ ಸುಮಾರು 225 ಕೇಜಿ. ಭಾಗಿಸಿ. ಬುಲೆಟ್ ಪೂರ್ತಿ ಒಳಗೇ ನಿಂತು ತನ್ನ ರಭಸವನ್ನೆಲ್ಲಾ ಪ್ರಾಣಿಗೇ ಕೊಟ್ರೂ ಎಲ್ಕ್ ಆ ಕಡೆ ಜರುಗೋ ವೇಗ ಸೆಕೆಂಡಿಗೆ 4 ಸೆಂಟಿಮೀಟರ್‌ಗೂ ಕಮ್ಮಿ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋವಾಗ ಹಿಂದಿನವ್ರ ಬ್ಯಾಗ್ ತಗುಲಿದ್ರೆ ನೀವು ಇದಕ್ಕಿಂತ ಜಾಸ್ತಿ ಜರುಗ್ತೀರ.

ಈಗ ಅದೇ 180 ಗ್ರೇನನ್ನ .300 ವಿನ್ ಮ್ಯಾಗಲ್ಲಿ (ವಿಂಚೆಸ್ಟರ್ ಮ್ಯಾಗ್ನಮ್) ಹಾಕಿ. ಅದೇ ದೂರಕ್ಕೆ ವೇಗ 785ರ ಆಸುಪಾಸು. 3.7 ಸೆಂಟಿಮೀಟರ್ ಇದ್ದಿದ್ದು 4.1 ಆಗುತ್ತೆ. ಅರ್ಧ ಸೆಂಟಿಮೀಟರೂ ಸಿಗಲಿಲ್ಲ, ಇದಕ್ಕೆ ನೀವು ಸಾವಿರಾರು ಡಾಲರ್ ಕೊಟ್ಟು ಭುಜಾನೂ ಹೊಡೆಸ್ಕೋತೀರ. ಅದೂ ಅಲ್ದೆ ಪ್ರಾಣೀನ ಕೆಡವೋ ಅಷ್ಟು ತಳ್ಳು ಬುಲೆಟ್ಟಲ್ಲಿ ಇದ್ದಿದ್ರೆ, ಅಷ್ಟೇ ತಳ್ಳು ಗನ್ನಿಂದ ನಿಮಗೂ ಬರುತ್ತೆ, ನ್ಯೂಟನ್ ಮೂರನೇ ನಿಯಮ, ಎಲ್ಕ್ ಬೀಳೋಕೆ ಮುಂಚೆ ನೀವೇ ಅಂಗಾತ ಬಿದ್ದಿರ್ತೀರ.

"ಹಾಗಿದ್ರೆ ನಮ್ಮ ಮಾವ ಹೊಡೆದಾಗ ನಿಂತಲ್ಲೇ ಕುಸಿತಲ್ಲ?" ಕುಸೀತು, ಸುಳ್ಳಲ್ಲ. ಅಲ್ಲಿ ಏಟು ಬೆನ್ನುಹುರಿಗೋ ಅದರ ಪಕ್ಕಕ್ಕೋ ಬಿದ್ದಿದೆ, ನರದ ವೈರಿಂಗ್ ಕಟ್ ಆಗಿದೆ. ಮ್ಯಾಗ್ನಮ್ ಕೆಲಸ ಅಲ್ಲ ಅದು, ಜಾಗದ ಕೆಲಸ. ನಾವು ಗುರಿ ಇಡೋದು ಶ್ವಾಸಕೋಶಕ್ಕೆ. ಎರಡೂ ಶ್ವಾಸಕೋಶ ತೂತಾದ ಎಲ್ಕ್ ಬೀಳಲ್ಲ, ಓಡುತ್ತೆ. ಕೆಲವು ಸಲ ಓಡೋದೂ ಇಲ್ಲ, ಏನೂ ಆಗೇ ಇಲ್ಲ ಅನ್ನೋ ಥರ ನಿಂತಿರುತ್ತೆ, ಎರಡು ಹೆಜ್ಜೆ ಹಾಕುತ್ತೆ, ಹುಲ್ಲಿಗೆ ಬಾಯಿ ಹಾಕಿದ್ರೂ ಆಶ್ಚರ್ಯ ಇಲ್ಲ. ಒಳಗೆ ರಕ್ತದೊತ್ತಡ ಇಳೀತಾ ಇದೆ, ಮೆದುಳಿಗೆ ಆಕ್ಸಿಜನ್ ಹೋಗ್ತಿಲ್ಲ, ಅಷ್ಟರಲ್ಲಿ ಐವತ್ತು ನೂರು ಮೀಟರ್ ದಾಟಿಬಿಡುತ್ತೆ. ಹೊಸಬರು ಇಲ್ಲೇ ಕೆಡೋದು. ಬೀಳ್ಲಿಲ್ಲ, ಮಿಸ್ ಆಯ್ತು ಅಂತ ಗನ್ ಇಳಿಸಿ ಮನೆಗೆ ಹೋಗ್ತಾರೆ, ಇಲ್ಲಾ ಗಾಬರೀಲಿ ಪಕ್ಕದಲ್ಲಿರೋ ಇನ್ನೊಂದಕ್ಕೆ ಹೊಡೀತಾರೆ. ಎರಡನೇದು ಅಪರಾಧ, ಒಂದು ಟ್ಯಾಗು ಎರಡು ಹೆಣ. ನಿಂತಿದ್ರೆ ಅದಕ್ಕೇ ಇನ್ನೊಂದು ಹೊಡೀರಿ, ಬೀಳೋ ತನಕ ಸ್ಕೋಪಿಂದ ಕಣ್ಣು ತೆಗೀಬೇಡಿ, ಬಿದ್ದಿಲ್ಲ ಅಂದ್ರೆ ನಿಂತಿದ್ದ ಜಾಗಕ್ಕೆ ಹೋಗಿ ರಕ್ತ, ಕೂದಲು ಹುಡುಕಿ.

ಸರಿ, ತಳ್ಳಲ್ಲ ಅಂದ್ಮೇಲೆ ಬುಲೆಟ್ ಮಾಡೋದಾದ್ರೂ ಏನು? ಒಳಗೆ ಹೋಗಿ ಅಣಬೆ ಥರ ಅರಳಿ, ಚೂರಾಗದೆ, ಭಾರ ಉಳಿಸ್ಕೊಂಡು, ದಾರಿ ಕೊರೀತಾ ಆ ಕಡೆ ಪಕ್ಕೆ ತನಕ ಮುಟ್ಟಬೇಕು. ಅರಳೋದೂ ಬೇಕು, ಒಡೆಯದೆ ಇರೋದೂ ಬೇಕು, ಎರಡೂ ಒಟ್ಟಿಗೆ ಸಿಗೋದು ಕಷ್ಟ. ವೇಗ ಜಾಸ್ತಿ ಆದಷ್ಟೂ ಸಾದಾ ಸೀಸದ ಬುಲೆಟ್ ಹತ್ತಿರದ ಏಟಲ್ಲಿ ಸಿಡಿದುಹೋಗೋ ಸಂಭವ ಜಾಸ್ತಿ. ಅಂದ್ರೆ ಮ್ಯಾಗ್ನಮ್ ತಗೊಂಡು ಅಗ್ಗದ ಬುಲೆಟ್ ಹಾಕಿದ್ರೆ ಇದ್ದ ತೊಂದ್ರೇನ ಜಾಸ್ತಿ ಮಾಡ್ಕೊಂಡ ಹಾಗೆ. ಜಾನ್ ನೋಸ್ಲರ್ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಎಲ್ಕ್‌ಗಿಂತ ದೊಡ್ಡ ಜಿಂಕೆ ಜಾತಿ) ಬೇಟೆಗೆ ಹೋದಾಗ ಆಗಿದ್ದು ಇದೇ. ಮೈಯೆಲ್ಲಾ ಒಣಗಿದ ಕೆಸರು ಮೆತ್ತಿಕೊಂಡಿದ್ದ ಗಂಡು ಮೂಸು, ಬುಲೆಟ್‌ಗಳು ಮೇಲ್ಮೇಲೇ ಒಡೆದುಹೋದ್ವು, ಒಳಗೆ ಇಳೀಲೇ ಇಲ್ಲ. ಆ ಮನುಷ್ಯನ ಕೈಲಿದ್ದ ಗನ್ ಯಾವುದು ಗೊತ್ತಾ? .300 ಎಚ್ ಅಂಡ್ ಎಚ್ ಮ್ಯಾಗ್ನಮ್! ಮನೆಗೆ ಬಂದು ಅವ್ರು ಇನ್ನೂ ದೊಡ್ಡ ಗನ್ ಕೊಳ್ಳಲಿಲ್ಲ, ಬುಲೆಟ್ ಬದಲಾಯಿಸಿದ್ರು. ಮಧ್ಯದಲ್ಲಿ ಒಂದು ಅಡ್ಡಗೋಡೆ ಬಿಟ್ಟು, ಮುಂದಿನ ಅರ್ಧ ಅರಳಲಿ ಹಿಂದಿನ ಅರ್ಧ ಗಟ್ಟಿಯಾಗಿ ನುಗ್ಗಲಿ ಅಂತ ಮಾಡಿದ ಆ ಪಾರ್ಟಿಷನ್ ಬುಲೆಟ್ 1948ರಿಂದ ಮಾರಾಟಕ್ಕೆ ಬಂತು, ಇವತ್ತಿಗೂ ಅಂಗಡೀಲಿ ಸಿಗುತ್ತೆ. ಮ್ಯಾಗ್ನಮ್ ಭಕ್ತರಿಗೆ ಈ ಕಥೆ ಹೇಳಿ, ಮುಖ ನೋಡಿ.

ಈಗಿನ ಆಯ್ಕೆಗಳು ಬೇಗ ಹೇಳ್ತೀನಿ. ಪಾರ್ಟಿಷನ್ ಆಯ್ತು. ಹೊರಗಿನ ತಾಮ್ರಕ್ಕೂ ಒಳಗಿನ ಸೀಸಕ್ಕೂ ಬೆಸುಗೆ ಇರೋದು ಬಾಂಡೆಡ್, ನೋಸ್ಲರ್ ಆಕ್ಯುಬಾಂಡ್ ಥರದ್ದು. ಸೀಸಾನೇ ಇಲ್ಲದ್ದು ಬಾರ್ನ್ಸ್ ಟಿಎಸ್‌ಎಕ್ಸ್ ಥರದ್ದು, ಇದು ಭಾರ ಕಳ್ಕೊಳ್ಳೋದೇ ಇಲ್ಲ ಅನ್ನಬಹುದು, ಹಾಗಾಗಿ ಒಂದು ಸೈಜ್ ಹಗುರ ತಗೊಂಡ್ರೂ ನಡೆಯುತ್ತೆ, ಆದ್ರೆ ದೂರ ಹೋಗಿ ವೇಗ ತೀರಾ ಇಳಿದ್ರೆ ಅರಳೋದಿಲ್ಲ, ಅದ್ಕೆ ನಿಮ್ಮ ದೂರ ನಿಮಗೆ ಗೊತ್ತಿರ್ಲಿ. ಕಾಗದಕ್ಕೆ ಹೊಡೆಯೋ ಟಾರ್ಗೆಟ್ ಬುಲೆಟ್ ತಗೊಂಡು ಬರಬೇಡಿ, ಸೈನ್ಯದ ಫುಲ್ ಮೆಟಲ್ ಜ್ಯಾಕೆಟ್ (ಲೋಹ ಹೊದಿಸಿದ, ಅರಳದ ಬುಲೆಟ್) ಅಂತೂ ಕಾನೂನೇ ಒಪ್ಪಲ್ಲ, ಕೊಲೊರಾಡೋದಲ್ಲಿ ಅರಳೋ ಬುಲೆಟ್ಟೇ ಆಗ್ಬೇಕು. ಎಲ್ಕ್‌ಗೆ ಅಲ್ಲಿಯ ಕನಿಷ್ಠ ಮಿತಿ ಕೇಳಿದ್ರೆ ನಗ್ತೀರ: 6 ಮಿಲಿಮೀಟರ್ ಬೋರು, 85 ಗ್ರೇನ್ ಬುಲೆಟ್, 100 ಯಾರ್ಡಲ್ಲಿ 1000 ಫುಟ್‌ಪೌಂಡ್ ಶಕ್ತಿ. ಅದು ಕನಿಷ್ಠ, ನಾನು ಅದನ್ನ ತಗೊಳ್ಳಿ ಅಂತಿಲ್ಲ. ಆದ್ರೆ ನಿಮ್ಮ .30-06 ಅದರ ಮುಂದೆ ಆನೆ.

ಇಷ್ಟಾದ್ಮೇಲೂ ಮ್ಯಾಗ್ನಮ್ ಬೇಕು ಅನ್ನೋರು ಒಂದು ಪರೀಕ್ಷೆ ಮಾಡಿ. ಸ್ನೇಹಿತರ ಕೈಲಿ ನಿಮ್ಮ ಗನ್ ಕೊಟ್ಟು ಲೋಡ್ ಮಾಡ್ಸಿ, ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಡಮ್ಮಿ, ಯಾವುದು ಅಂತ ನಿಮಗೆ ಹೇಳಬಾರ್ದು. ಡಮ್ಮಿ ಇದ್ದಾಗ ಟ್ರಿಗರ್ ಒತ್ತಿದ್ರೆ ಕ್ಲಿಕ್ ಅನ್ನುತ್ತೆ ಅಷ್ಟೇ, ಗನ್ ಅಲ್ಲಾಡಬಾರ್ದು. ಆದ್ರೆ ನೋಡ್ತಾ ಇರಿ, ಮ್ಯಾಗ್ನಮ್‌ನ ಒದೆತಕ್ಕೆ ಹೆದರಿದವ್ರ ಬ್ಯಾರೆಲ್ ತುದಿ ಆ ಕ್ಲಿಕ್ ಜೊತೆಗೇ ನೆಲದ ಕಡೆ ಕುಕ್ಕುತ್ತೆ, ಕಣ್ಣು ಮುಚ್ಚಿರುತ್ತೆ, ಭುಜ ಮುಂದೆ ಬಂದಿರುತ್ತೆ. ಆರಡಿ ಆಳುಗಳೂ ಹಾಗೇ ಮಾಡ್ತಾರೆ. ಆ ಕುಕ್ಕಲ್ಲಿ 200 ಯಾರ್ಡ್‌ಗೆ ಬುಲೆಟ್ ಶ್ವಾಸಕೋಶದಿಂದ ಹೊಟ್ಟೆಗೋ ಕಾಲಿಗೋ ಜಾರುತ್ತೆ, ಹೊಟ್ಟೆಗೆ ಬಿದ್ದ ಎಲ್ಕ್ ಯಾವ ಕಣಿವೇಲಿ ಸಾಯುತ್ತೋ ಯಾರಿಗೂ ಸಿಗಲ್ಲ.

ಈಗ ಯಾವ ಪ್ರಾಣಿ ಅನ್ನೋದು. ಮೊದಲು ಟ್ಯಾಗ್ ಓದಿ. ನಿಮ್ಮದು ಕೌ ಟ್ಯಾಗು, ಅಂದ್ರೆ ಕೊಂಬಿಲ್ಲದ್ದು, ಕರುವೂ ಅದರಲ್ಲೇ ಬರುತ್ತೆ. ಮಬ್ಬು ಬೆಳಕಲ್ಲಿ ಸಣ್ಣ ಕೋಲಿನಂಥ ಕೊಂಬಿನ ಎಳೇ ಬುಲ್, ಸ್ಪೈಕ್ ಅಂತಾರೆ, ಕಿವಿಗಳ ಮಧ್ಯೆ ಕಾಣೋದೇ ಇಲ್ಲ, ಅದ್ಕೆ ಬೈನಾಕ್ಯುಲರಲ್ಲಿ ತಲೆ ಎರಡೂ ಕಡೆಯಿಂದ ನೋಡದೆ ಸೇಫ್ಟಿ ತೆಗೀಬೇಡಿ. ಬುಲ್ ಟ್ಯಾಗ್ ಇರೋರಿಗೂ ಅಲ್ಲಿ ಸುಮಾರು ಯೂನಿಟ್‌ಗಳಲ್ಲಿ (ಬೇಟೆ ವಲಯ) ಒಂದು ಕೊಂಬಲ್ಲಿ ನಾಲ್ಕು ಕವಲು ಇಲ್ಲಾ 5 ಇಂಚಿನ ಹುಬ್ಬುಗೊಂಬು (ಕೊಂಬಿನ ಬುಡದ ಕವಲು) ಇರ್ಲೇಬೇಕು ಅನ್ನೋ ನಿಯಮ ಇದೆ.

ಗುಂಪಲ್ಲಿ ಮುಂದೆ ಬರೋದು ಸಾಮಾನ್ಯವಾಗಿ ಹಳೇ ಕೌ, ಮೂತಿ ಉದ್ದ, ತಲೆ ಎತ್ತಿ ಗಾಳಿ ಮೂಸ್ತಾ ಇರುತ್ತೆ. ಹೊಸಬರು ಮೊದಲು ಕಂಡಿದ್ದಕ್ಕೇ ಹೊಡೀತಾರೆ. ಬೇಡ ಅಂತ ನನ್ನ ಅಭಿಪ್ರಾಯ, ಅದು ಗಟ್ಟಿ ಮಾಂಸ, ಅದೂ ಅಲ್ದೆ ಮುಂದಿರೋದು ನಿಮ್ಮನ್ನೇ ನೋಡ್ತಿರುತ್ತೆ. ಸ್ವಲ್ಪ ಕಾಯಿರಿ, ಹಿಂದೆ ಬರೋದ್ರಲ್ಲಿ ಮೈತುಂಬಿದ, ಕರು ಹಿಂಬಾಲಿಸದ ಮಧ್ಯ ವಯಸ್ಸಿನದ್ದು ಇರುತ್ತೆ. ಕರು ಹೊಡೆಯೋದಾ ಅಂತ ಮುಖ ಸಿಂಡರಿಸೋರು ಇದಾರೆ. ಅಕ್ಟೋಬರ್ ಹೊತ್ತಿಗೆ ಅದು ನೂರು ಕೇಜಿ ಮೇಲಿನ ಪ್ರಾಣಿ, ಮಾಂಸ ಎಲ್ಲಕ್ಕಿಂತ ಮೆತ್ತಗೆ, ಚಳಿಗಾಲ ದಾಟೋ ಸಂಭವ ಗುಂಪಲ್ಲಿ ಅದಕ್ಕೇ ಎಲ್ಲಕ್ಕಿಂತ ಕಮ್ಮಿ. ಹಿಂಡು ಬೆಳೆಯೋದು ಹೆಣ್ಣುಗಳಿಂದ, ಒಂದು ಬುಲ್ ಸೆಪ್ಟೆಂಬರಲ್ಲಿ ಎಷ್ಟೋ ಕೌಗಳನ್ನ ಕಾಯುತ್ತೆ, ಹಿಂಡು ಹತೋಟೀಲಿ ಇರ್ಬೇಕು ಅಂದ್ರೆ ಕೌ ಟ್ಯಾಗ್ ಕೊಡಲೇಬೇಕು. ಹೆಣ್ಣು ಹೊಡೆದ್ರೆ ಪಾಪ, ದೊಡ್ಡ ಕೊಂಬಿಂದು ಹೊಡೆದ್ರೆ ಗಂಡಸುತನ ಅನ್ನೋದೆಲ್ಲಾ ಇಲ್ಲಿ ತರಬೇಡಿ, ಕೊಂಬಿನ ಸಾರು ಯಾರೂ ಕುಡಿದಿಲ್ಲ.

ಬುಲೆಟ್ ಪ್ರಶ್ನೆ, ಪ್ರಾಣಿ ಪ್ರಶ್ನೆ ಬೇರೆ ಬೇರೆ ಅಂದ್ಕೊಂಡಿದೀರಲ್ಲ, ಇಲ್ಲಿ ಕೂಡುತ್ತೆ ನೋಡಿ. ನಾನು ಹೇಳಿದ ಗಟ್ಟಿ ಬುಲೆಟ್ ಒಂದು ಕೌ ಪಕ್ಕೆ ದಾಟಿ ಆ ಕಡೆ ಆಚೆ ಬರುತ್ತೆ, ಹಿಂದೆ ನಿಂತಿರೋದಕ್ಕೂ ತಗುಲುತ್ತೆ. ಗುಂಪು ಒತ್ತೊತ್ತಾಗಿ ನಿಂತಿದ್ರೆ ಬೆರಳು ಟ್ರಿಗರ್‌ಗೆ ಹೋಗ್ಲೇಬಾರ್ದು. ಒಂದು ಬಿಡಿಯಾಗಿ ಬರೋ ತನಕ ಕಾಯಿರಿ. ಬಂತು, ಅಡ್ಡ ನಿಂತಿದೆ, ಮುಂಗಾಲಿನ ಹಿಂದೆ ಕೆಳಗಿಂದ ಮೂರನೇ ಒಂದು ಭಾಗ ಎತ್ತರಕ್ಕೆ ಇಡಿ. ಸ್ವಲ್ಪ ಆಕಡೆ ತಿರುಗಿದ್ರೂ ಪರವಾಗಿಲ್ಲ, ಆಚೆ ಕಡೆಯ ಮುಂಗಾಲಿನ ಕಡೆಗೆ ಬುಲೆಟ್ ಹೊರಡೋ ಹಾಗೆ ಇಡಿ. ಎದುರಿಗೇ ಮುಖ ಮಾಡಿದ್ರೆ, ಬೆನ್ನು ತಿರುಗಿಸಿದ್ರೆ ಬಿಟ್ಬಿಡಿ.

ಎಚ್1ಬಿ ಇರೋರಿಗೆ ಒಂದು ಮಾತು, ಇದನ್ನ ಯಾರೂ ಕೇಳಲ್ಲ ಆದ್ರೆ ಕೇಳ್ಬೇಕು: ಫೆಡರಲ್ ಕಾನೂನಲ್ಲಿ ವೀಸಾ ಮೇಲಿರೋರು ಸಾಮಾನ್ಯವಾಗಿ ಗನ್ ಇಟ್ಕೊಳ್ಳೋ ಹಾಗಿಲ್ಲ, ಅಲ್ಲಿನ ಯಾವುದಾದ್ರೂ ರಾಜ್ಯದ ಊರ್ಜಿತ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದ್ರೆ ಬೀರುವಲ್ಲಿರೋ ಗನ್ನೂ ತೊಂದ್ರೆ. ವಕೀಲರನ್ನ ಕೇಳಿ, ನನ್ನನ್ನ ಅಲ್ಲ. ಹಾಗೇ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದೋರಿಗೆಲ್ಲಾ ಕೊಲೊರಾಡೋದಲ್ಲಿ ಹಂಟರ್ ಎಜುಕೇಷನ್ ಕಾರ್ಡ್ ಬೇಕು.

ಇನ್ನು ಮಾಂಸ. ಬುಲೆಟ್ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋರು ಇದನ್ನ ಯೋಚನೇನೇ ಮಾಡಿರಲ್ಲ. ಎಲ್ಕ್ ಚರ್ಮ ದಪ್ಪ, ತೊಡೆ ಮೂಳೆ ಸುತ್ತ ಬಿಸಿ ಗಂಟೆಗಟ್ಟಲೆ ನಿಲ್ಲುತ್ತೆ, ಅಕ್ಟೋಬರ್ ಮಧ್ಯಾಹ್ನ ಬಿಸಿಲಿದ್ರೆ ಮೂಳೆ ಪಕ್ಕದಲ್ಲೇ ಮಾಂಸ ಹುಳಿ ಬರುತ್ತೆ. ಫೋಟೋ ಆಮೇಲೆ, ಮೊದಲು ಚರ್ಮ ಸುಲಿದು ಕಾಲುಗಳನ್ನ ಬಿಡಿಸಿ ಬಟ್ಟೆ ಚೀಲದಲ್ಲಿ ಹಾಕಿ ನೆರಳಲ್ಲಿ ತೂಗು ಹಾಕಿ. ಹೆಣ್ಣು ಅನ್ನೋ ಗುರುತು ಒಂದು ಭಾಗಕ್ಕೆ ಅಂಟಿಕೊಂಡೇ ಇರ್ಬೇಕು, ಕತ್ತರಿಸಿ ಎಸೆದ್ರೆ ವಾರ್ಡನ್ (ಬೇಟೆ ಇಲಾಖೆ ಅಧಿಕಾರಿ) ಕೇಸ್ ಹಾಕ್ತಾರೆ. ಹಿಂಗಾಲು ಒಂದೊಂದೂ ಮೂಳೆ ಸಮೇತ ಮೂವತ್ತು ಕೇಜಿ ಹತ್ರ, ಹತ್ತು ಸಾವಿರ ಅಡಿ ಎತ್ತರದಲ್ಲಿ ಬೆನ್ನ ಮೇಲೆ ಹೊರಬೇಕು, ಆಗ ಮ್ಯಾಗ್ನಮ್ಮು, ಬುಲ್ಲು ಎಲ್ಲಾ ಮರೆತುಹೋಗುತ್ತೆ.

ತಲೇನ ಬಿಸಾಕ್ಬೇಡಿ, ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಪರೀಕ್ಷೆಗೆ ಕೊಡಿ. ಜಿಂಕೆ ಜಾತಿಗೆ ಬರೋ ಮೆದುಳಿನ ರೋಗ, 1967ರಲ್ಲಿ ಮೊದಲು ಕಾಣಿಸ್ಕೊಂಡಿದ್ದೇ ಕೊಲೊರಾಡೋದ ಫೋರ್ಟ್ ಕಾಲಿನ್ಸಲ್ಲಿ. ಮನುಷ್ಯರಿಗೆ ಬಂದ ಖಚಿತ ಕೇಸ್ ಇಲ್ಲ, ಆದ್ರೂ ಪಾಸಿಟಿವ್ ಬಂದ ಮಾಂಸ ತಿನ್ಬೇಡಿ ಅಂತಾನೇ ಸಲಹೆ. ಮನೇಲಿ ಸಣ್ಣ ಮಕ್ಕಳಿದ್ರೆ ತಾಮ್ರದ ಬುಲೆಟ್ಟೇ ತಗೊಳ್ಳಿ, ಸೀಸದ ಕಣ್ಣಿಗೆ ಕಾಣದ ಚೂರು ಗಾಯದಿಂದ ಸಾಕಷ್ಟು ದೂರದ ಮಾಂಸಕ್ಕೂ ಹೋಗಿರುತ್ತೆ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಬೇಟೆಗೆ ಸೀಸ ಪೂರ್ತಿ ನಿಷೇಧ.

ಬನ್ನೂರು ಕುರಿ ತಿಂದು ಬೆಳೆದೋರು ಎಲ್ಕಲ್ಲಿ ಕೊಬ್ಬು ಹುಡುಕಬೇಡಿ. ಇರೋ ಸ್ವಲ್ಪ ಕೊಬ್ಬೂ ಮೇಣದ ಥರ ಅಂಗುಳಕ್ಕೆ ಅಂಟುತ್ತೆ, ನೀಟಾಗಿ ಸವರಿ ತೆಗೀರಿ. ಬೆನ್ನಿನ ಪಟ್ಟೀನ ಬರೀ ಉಪ್ಪು ಮೆಣಸು ಹಾಕಿ ಬೆಣ್ಣೇಲಿ ಹುರೀರಿ, ಒಳಗೆ ಕೆಂಪಗಿದ್ದಾಗ್ಲೇ ಇಳಿಸಿ. ಮುಂಗಾಲು ಕೈಮಾಗೆ, ಉಂಡೆ ಒಡೀಬಾರ್ದು ಅಂದ್ರೆ ಸ್ವಲ್ಪ ಕುರಿ ಕೊಬ್ಬು ಸೇರಿಸಿ ಹುರಿಗಡಲೆ ಪುಡಿ ಹಾಕಿ. ಮೊಣಕಾಲಿನ ಹತ್ರದ ನರನರ ಮಾಂಸಾನ ಮೂಳೆ ಸಮೇತ ಕುಕ್ಕರಿಗೆ ಹಾಕಿ ಎಂಟು ಹತ್ತು ವಿಸಲ್ ಕೂಗಿಸಿ, ಮಟನ್ ಸಾರಿನ ಖಾರಾನೇ ಸಾಕು.