ನಾಯಿಯ ಹೆಸರು, ನೆರೆಯಲ್ಲಿ ಕೊಚ್ಚಿಹೋದವರ ನೆನಪು

1943ರ ಮೇ ತಿಂಗಳ ನಡುವೆ, ಇಂಗ್ಲೆಂಡಿನ ಲಿಂಕನ್‌ಶೈರ್‌ನ ಸ್ಕ್ಯಾಂಪ್ಟನ್ ವಾಯುನೆಲೆಯ ಬಳಿ ಒಂದು ಕಪ್ಪು ಲ್ಯಾಬ್ರಡಾರ್ ನಾಯಿ ಕಾರಿಗೆ ಸಿಕ್ಕಿ ಸತ್ತಿತು. ಅದನ್ನು ಸಾಕಿದ್ದವರು ವಿಂಗ್ ಕಮಾಂಡರ್ ಗೈ ಗಿಬ್ಸನ್. ಅವರಿಗೆ ಆಗ ಬರೀ 24 ವರ್ಷ. ದುಃಖ ಪಡಲು ಪುರುಸೊತ್ತು ಇರಲಿಲ್ಲ. 16ರ ರಾತ್ರಿ ಅವರು 19 ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳ ಮುಂದಾಳಾಗಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟರು. ಅವರು ಆಕಾಶದಲ್ಲಿದ್ದಾಗ, ಅವರೇ ಹೇಳಿಹೋದಂತೆ, ನೆಲೆಯಲ್ಲಿದ್ದವರು ನಡುರಾತ್ರಿ ನಾಯಿಯನ್ನು ಹೂತರು. ಅದಾದ ಸ್ವಲ್ಪ ಹೊತ್ತಿಗೆ ಜರ್ಮನಿಯ ಕಡೆಯಿಂದ ಮೋರ್ಸ್ ಸಂಕೇತದಲ್ಲಿ ಒಂದೇ ಒಂದು ಪದ ಬಂತು. ಮೋನೆ ಅಣೆಕಟ್ಟು ಒಡೆದಿದೆ ಅಂತ ತಿಳಿಸಲು ಮೊದಲೇ ಗೊತ್ತು ಮಾಡಿಟ್ಟಿದ್ದ ಪದ ಅದು. ಆ ಪದ ಸತ್ತ ನಾಯಿಯ ಹೆಸರೇ ಆಗಿತ್ತು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಪ್ಪು ಜನರನ್ನು ಹೀಯಾಳಿಸಲು ಶತಮಾನಗಳಿಂದ ಬಳಸಿದ ಬೈಗುಳ ಅದು. ಗುಲಾಮರ ಮಾರಾಟದಲ್ಲೂ, ಗುಂಪುಗಳು ಕಪ್ಪು ಜನರನ್ನು ಕೊಂದು ನೇತುಹಾಕಿದ ಜಾಗಗಳಲ್ಲೂ ಕೇಳಿಬಂದ ಪದ. ಒಂದು ಹಳೆಯ ಯುದ್ಧ ಚಿತ್ರವನ್ನು ಮತ್ತೆ ತೆಗೆಯುವ ಮಾತು ಬಂದಾಗಲೆಲ್ಲ ಜಗಳ ಬಂದು ನಿಲ್ಲುವುದು ಈ ಒಂದು ಪದದ ಮೇಲೆ.

ಆ ಚಿತ್ರ 1955ರ ‘ದ ಡ್ಯಾಮ್ ಬಸ್ಟರ್ಸ್’. ನಿರ್ದೇಶಕ ಮೈಕೆಲ್ ಆಂಡರ್ಸನ್. ಗಿಬ್ಸನ್ ಆಗಿ ರಿಚರ್ಡ್ ಟಾಡ್, ನೀರಿನ ಮೇಲೆ ಪುಟಿಯುವ ಬಾಂಬನ್ನು ಕಂಡುಹಿಡಿದ ಬಾರ್ನ್ಸ್ ವಾಲಿಸ್ ಆಗಿ ಮೈಕೆಲ್ ರೆಡ್‌ಗ್ರೇವ್ ನಟಿಸಿದ್ದರು. ಎರಿಕ್ ಕೋಟ್ಸ್ ಅವರ ಮೆರವಣಿಗೆ ಸಂಗೀತ ಇವತ್ತಿಗೂ ಬ್ರಿಟನ್ನಿನಲ್ಲಿ ಕೇಳಿಬರುತ್ತದೆ. ಚಿತ್ರದಲ್ಲಿ ನಾಯಿಗೆ ದೊಡ್ಡ ಜಾಗವೇ ಇದೆ, ಹೆಸರು ಹತ್ತಾರು ಸಲ ಬರುತ್ತದೆ. 1955ರ ಬಿಳಿಯ ಪ್ರೇಕ್ಷಕರಲ್ಲಿ ಹೆಚ್ಚಿನವರಿಗೆ ಅದು ಏನೂ ಅನ್ನಿಸಲಿಲ್ಲ. ಆದರೆ ಆಗಲೇ ಅಮೆರಿಕಕ್ಕೆ ಇದು ಒಪ್ಪದು ಅಂತ ಕೆಲವರಿಗೆ ಗೊತ್ತಾಗಿತ್ತು. ಅಲ್ಲಿಗಾಗಿ ಮಾಡಿದ ಒಂದು ಪ್ರತಿಯಲ್ಲಿ ನಾಯಿಯನ್ನು ‘ಟ್ರಿಗರ್’ ಅಂತ ಕರೆದರು.

ಬ್ರಿಟನ್ನಿನಲ್ಲಿ ಗಲಾಟೆ ಎದ್ದದ್ದು ಜಾಸ್ತಿ ತಡವಾಗಿ. 1999ರಲ್ಲಿ ಐಟಿವಿ ವಾಹಿನಿ ಹೆಸರು ಬರುವ ಕಡೆಯೆಲ್ಲ ಕತ್ತರಿಸಿ ಚಿತ್ರ ತೋರಿಸಿತು. 2001ರಲ್ಲಿ ಮತ್ತೆ ಅದೇ ಆಯಿತು. ಮಾತು ಮಧ್ಯದಲ್ಲಿ ತುಂಡಾಗಿ ದೃಶ್ಯಗಳು ಅರ್ಥ ಕಳೆದುಕೊಂಡವು. ವಾಕ್ ಸ್ವಾತಂತ್ರ್ಯದ ಪರ ಕೆಲಸ ಮಾಡುವ ‘ಇಂಡೆಕ್ಸ್ ಆನ್ ಸೆನ್ಸರ್‌ಶಿಪ್’ ಸಂಸ್ಥೆ ಇದನ್ನು ಟೀಕಿಸಿತು. 2018ರಲ್ಲಿ, ದಾಳಿಗೆ 75 ವರ್ಷ ತುಂಬಿದಾಗ, ಚಿತ್ರವನ್ನು ದುರಸ್ತಿ ಮಾಡಿ ಚಿತ್ರಮಂದಿರಗಳಿಗೆ ತಂದರು. ಈ ಸಲ ಏನನ್ನೂ ಕತ್ತರಿಸಲಿಲ್ಲ. ಇದರಲ್ಲಿನ ಕೆಲವು ಮಾತು ಆ ಕಾಲದ್ದು, ಈಗ ನೋವು ಕೊಡಬಹುದು ಎಂಬ ಎಚ್ಚರಿಕೆ ಮೊದಲೇ ಹಾಕಿದರು. ನನ್ನ ಪ್ರಕಾರ ಹಳೆಯ ಚಿತ್ರಕ್ಕೆ ಇದೇ ಸರಿಯಾದ ದಾರಿ. 1955ರ ಜನ ಏನು ಮಾತಾಡುತ್ತಿದ್ದರು ಅನ್ನುವುದಕ್ಕೆ ಆ ಚಿತ್ರವೇ ಸಾಕ್ಷಿ. ಸಾಕ್ಷಿಯನ್ನು ತಿದ್ದಬಾರದು.

ಹೊಸದಾಗಿ ತೆಗೆಯುವುದು ಬೇರೆ ಮಾತು. 2006ರಲ್ಲಿ ಪೀಟರ್ ಜಾಕ್ಸನ್ ಮತ್ತು ಡೇವಿಡ್ ಫ್ರಾಸ್ಟ್ ರೀಮೇಕ್ ಘೋಷಿಸಿದರು. ಚಿತ್ರಕಥೆ ಬರೆಯಲು ಸ್ಟೀಫನ್ ಫ್ರೈ ಬಂದರು. ವಿಮಾನ ಹೇಗಿರುತ್ತದೆ, ಬಾಂಬ್ ಹೇಗೆ ತೋರಿಸುತ್ತಾರೆ ಅಂತ ಕೇಳಬೇಕಿದ್ದ ಜನ ಮೊದಲು ಕೇಳಿದ್ದೇ ‘ನಾಯಿಗೆ ಏನು ಹೆಸರಿಡುತ್ತೀರಿ?’ ಅಂತ. ಹೆಸರು ಬದಲಿಸಿದರೂ ಬೈಯುತ್ತಾರೆ, ಉಳಿಸಿದರೂ ಬೈಯುತ್ತಾರೆ ಎಂಬ ಅರ್ಥದಲ್ಲಿ ಜಾಕ್ಸನ್ ಮಾತಾಡಿದ್ದರು. 2011ರಲ್ಲಿ ಫ್ರೈ ಉತ್ತರ ಕೊಟ್ಟರು: ನಾಯಿಯ ಹೆಸರು ‘ಡಿಗ್ಬಿ’. ಇತಿಹಾಸ ತಿರುಚುತ್ತಿದ್ದಾರೆ ಅಂತ ಕೂಗು ಎದ್ದಿತು. 2020ರ ಜುಲೈನಲ್ಲಿ ವಾಯುಪಡೆಯೇ ಸ್ಕ್ಯಾಂಪ್ಟನ್‌ನಲ್ಲಿದ್ದ ನಾಯಿಯ ಸಮಾಧಿ ಕಲ್ಲನ್ನು ತೆಗೆದು ಹೆಸರಿಲ್ಲದ ಹೊಸ ಕಲ್ಲು ಇಟ್ಟಿತು. ಮತ್ತೆ ಅದೇ ಕೂಗು.

ಇತಿಹಾಸ ತಿರುಚುವುದು ಅಂದರೆ ಏನು ಅಂತ ನೋಡಲು ಸ್ವಲ್ಪ ಹಿಂದಕ್ಕೆ ಹೋಗೋಣ.

1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷ್ ಕುದುರೆಪಡೆ ರಷ್ಯನ್ ಫಿರಂಗಿಗಳ ಬಾಯಿಗೇ ನುಗ್ಗಿತು. ಗೊಂದಲದ ಆದೇಶ, ಒಬ್ಬರನ್ನೊಬ್ಬರು ಕಂಡರೆ ಆಗದ ಅಧಿಕಾರಿಗಳು, ಅದಕ್ಕೆ ಬಲಿಯಾದವರು ಸುಮ್ನೆ ಹೇಳಿದ್ದು ಕೇಳಿದ ಸವಾರರು. ಹಾಲಿವುಡ್ 1936ರಲ್ಲಿ ಎರಾಲ್ ಫ್ಲಿನ್ ಅವರನ್ನು ಹಾಕಿಕೊಂಡು ‘ದ ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’ ಅಂತ ಈ ಕಥೆ ತೆಗೆದಾಗ ತಪ್ಪೆಲ್ಲ ಮಾಯವಾಯಿತು. ಅದರ ಬದಲು ಭಾರತದಲ್ಲಿ ಸೂರತ್ ಖಾನ್ ಎಂಬ ಒಬ್ಬ ರಾಜನನ್ನು ಹುಟ್ಟಿಸಿದರು. ಅವನು ಬ್ರಿಟಿಷ್ ಹೆಂಗಸರು ಮಕ್ಕಳನ್ನು ಕೊಲ್ಲಿಸುತ್ತಾನೆ, ಆಮೇಲೆ ರಷ್ಯನ್ನರ ಜೊತೆ ಸೇರಿಕೊಳ್ಳುತ್ತಾನೆ, ಕುದುರೆಪಡೆ ಸೇಡು ತೀರಿಸಿಕೊಳ್ಳಲು ನುಗ್ಗುತ್ತದೆ. 1857ರ ಕಾನ್ಪುರದ ನೆನಪನ್ನು ಎತ್ತಿ 1854ರ ಹಿಂದಕ್ಕೆ ಅಂಟಿಸಿದ ಕಥೆ ಅದು. ಚಿತ್ರೀಕರಣದಲ್ಲಿ ಕಾಲಿಗೆ ತಂತಿ ಸಿಕ್ಕಿಸಿ ಬೀಳಿಸಿದ ಕುದುರೆಗಳಲ್ಲಿ ಹಲವು ನಿಜವಾಗಿಯೇ ಸತ್ತವು. ಟೋನಿ ರಿಚರ್ಡ್‌ಸನ್ 1968ರಲ್ಲಿ ಇದೇ ಹೆಸರಿನಲ್ಲಿ ಮತ್ತೆ ಚಿತ್ರ ಮಾಡಿದಾಗ ಸೂರತ್ ಖಾನ್ ಇರಲಿಲ್ಲ. ಈ ಸಲ ಅಪರಾಧಿಗಳು ಬ್ರಿಟಿಷ್ ದೊರೆಗಳೇ, ಅವರ ಜಂಭವೇ. ವಿಯೆಟ್ನಾಂ ಯುದ್ಧದ ಸುದ್ದಿ ದಿನಾ ಕೇಳುತ್ತಿದ್ದ ಕಾಲಕ್ಕೆ ಅದು ಹೊಂದಿತು. ಈಗಿನ ಮನಸ್ಸಿಗೆ ತಕ್ಕಂತೆ ಬದಲಿಸಿದ ರೀಮೇಕೇ ಮೂಲಕ್ಕಿಂತ ಇತಿಹಾಸಕ್ಕೆ ಹತ್ತಿರವಾಯಿತು. ಇದನ್ನು ಮರೆಯಬಾರದು ಅಲ್ವಾ?

ಯಾವಾಗಲೂ ಹಾಗೆಯೇ ಆಗುತ್ತದೆ ಅಂತೇನಿಲ್ಲ. ಮೊದಲ ಮಹಾಯುದ್ಧದ ಕಾದಂಬರಿಯಿಂದ ಬಂದ ‘ಆಲ್ ಕ್ವಯೆಟ್ ಆನ್ ದ ವೆಸ್ಟರ್ನ್ ಫ್ರಂಟ್’ ಚಿತ್ರವನ್ನೇ ನೋಡಿ. 1930ರ ಮೊದಲ ಚಿತ್ರ ಬರ್ಲಿನ್‌ಗೆ ಬಂದಾಗ ಗೊಬೆಲ್ಸ್ ತನ್ನ ನಾಜಿ ಪಡೆಯೊಂದಿಗೆ ಚಿತ್ರಮಂದಿರಕ್ಕೆ ನುಗ್ಗಿದ. ಇಲಿ ಬಿಟ್ಟರು, ದುರ್ವಾಸನೆಯ ಬಾಂಬ್ ಎಸೆದರು. ಜರ್ಮನ್ ಸೈನಿಕನ ಮಾನ ಹೋಯಿತು ಅನ್ನುವುದು ಅವರ ದೂರು. ಕೆಲವೇ ದಿನಗಳಲ್ಲಿ ಚಿತ್ರ ನಿಷೇಧವಾಯಿತು. ಮನಸ್ಸಿಗೆ ನೋವಾಯಿತು ಅಂತ ಚಿತ್ರ ನಿಲ್ಲಿಸುವುದು ಈ ಶತಮಾನದ ರೋಗ ಅಂತ ಹೇಳುವವರು ಆ ವಾರವನ್ನು ನೆನಪಿಟ್ಟುಕೊಳ್ಳಬೇಕು.

ಅದೇ ಕಥೆ 2022ರಲ್ಲಿ ಮೊದಲ ಸಲ ಜರ್ಮನ್ ಭಾಷೆಯಲ್ಲಿ ದೊಡ್ಡ ಚಿತ್ರವಾಯಿತು, 4 ಆಸ್ಕರ್ ಗೆದ್ದಿತು. ನಿರ್ದೇಶಕ ಎಡ್ವರ್ಡ್ ಬೆರ್ಗರ್ ಕೊನೆಯನ್ನೇ ಬದಲಿಸಿದರು. ಮೂಲ ಕಾದಂಬರಿಯಲ್ಲಿ ನಾಯಕ ಪೌಲ್ ಸಾಯುವುದು 1918ರ ಅಕ್ಟೋಬರಿನ ಒಂದು ಶಾಂತ ದಿನ. ಅವತ್ತು ಸೇನೆಯ ವರದಿಯಲ್ಲಿ ಬರೆಯಲು ಏನೂ ವಿಶೇಷ ಇರುವುದಿಲ್ಲ. ಹೊಸ ಚಿತ್ರದಲ್ಲಿ ಕದನವಿರಾಮಕ್ಕೆ ಕೆಲವೇ ನಿಮಿಷ ಇರುವಾಗ ಒಬ್ಬ ಜರ್ಮನ್ ಜನರಲ್ ಹಟಕ್ಕೆ ಬಿದ್ದು ದಾಳಿಗೆ ಕಳಿಸುತ್ತಾನೆ. ನವೆಂಬರ್ 11ರ ಬೆಳಿಗ್ಗೆ ದಾಳಿಗಳು ನಡೆದದ್ದು ನಿಜ. ಆದರೆ ಮುಂದೆ ನುಗ್ಗಿದವರು ಅಮೆರಿಕನ್ನರು ಮತ್ತು ಅವರ ಮಿತ್ರಪಡೆಗಳು. ಇದನ್ನು ಬದಲಿಸಿದ್ದಕ್ಕೆ ಜರ್ಮನಿಯಲ್ಲೇ ಹಲವರು ಬೇಸರಪಟ್ಟರು, ನನಗೂ ಆಯಿತು. ಸದ್ದಿಲ್ಲದ ಸಾವು ಆ ಕಥೆಯ ಜೀವ. ಹಟಮಾರಿ ಜನರಲ್‌ನನ್ನು ತಂದು ನಿಲ್ಲಿಸಿದರೆ ನೋಡುವವನಿಗೆ ಸಿಟ್ಟು ಮಾಡಿಕೊಳ್ಳಲು ಒಬ್ಬ ಸಿಗುತ್ತಾನೆ. ಕಾದಂಬರಿ ಆ ಸಮಾಧಾನವನ್ನೂ ಕೊಟ್ಟಿರಲಿಲ್ಲ.

ಬರೀ ದುಡ್ಡಿಗಾಗಿ ಶತ್ರುವನ್ನೇ ಬದಲಿಸಿದ್ದೂ ಇದೆ. ಅಮೆರಿಕದ ಮೇಲೆ ದಂಡೆತ್ತಿ ಬರುವ ಕಲ್ಪನೆಯ ಕಥೆ ‘ರೆಡ್ ಡಾನ್’ 1984ರಲ್ಲಿ ಬಂದಾಗ ಶತ್ರು ಸೋವಿಯತ್ ಪಡೆ. 2012ರ ರೀಮೇಕ್‌ಗೆ ಚೀನಾದವರನ್ನು ಶತ್ರುವಾಗಿಟ್ಟು ಚಿತ್ರೀಕರಣ ಮುಗಿಸಿದ್ದರು. ಚೀನಾದ ಮಾರುಕಟ್ಟೆ ನೆನಪಾದ ಮೇಲೆ ಕಂಪ್ಯೂಟರ್‌ನಲ್ಲಿ ಬಾವುಟ, ಲಾಂಛನ ಅಳಿಸಿ ಉತ್ತರ ಕೊರಿಯಾ ಮಾಡಿದರು.

ಈಗ 1955ರ ಚಿತ್ರಕ್ಕೆ ವಾಪಸ್ ಬರೋಣ. ಅದನ್ನು ಅಪ್ಪಟ ಇತಿಹಾಸ ಅಂತ ಕಾಪಾಡಲು ಹೊರಟವರು ಅದರೊಳಗೆ ಎಷ್ಟು ಬದಲಾಗಿತ್ತು ಅಂತ ನೋಡಬೇಕು. ನಿಜವಾದ ಬಾಂಬ್ ಒಂದು ದೊಡ್ಡ ಡ್ರಮ್ಮಿನ ಆಕಾರದ್ದು, ತೂಕ ಸುಮಾರು 4,200 ಕಿಲೋ. ಬೀಳಿಸುವ ಮೊದಲು ಅದನ್ನು ನಿಮಿಷಕ್ಕೆ 500 ಸುತ್ತು ಹಿಮ್ಮುಖವಾಗಿ ತಿರುಗಿಸುತ್ತಿದ್ದರು. ಆ ತಿರುಗುವಿಕೆಯಿಂದಲೇ ಅದು ನೀರಿನ ಮೇಲೆ ಪುಟಿದು, ಗೋಡೆಗೆ ಅಂಟಿಕೊಂಡಂತೆ ಕೆಳಗಿಳಿದು, ಆಳದಲ್ಲಿ ಸಿಡಿಯುತ್ತಿತ್ತು. ಚಿತ್ರದಲ್ಲಿ ಬಾಂಬ್ ಚೆಂಡಿನ ಹಾಗೆ ಇದೆ, ತಿರುಗುವ ಮಾತೇ ಇಲ್ಲ. ಕಾರಣ, ಬಾಂಬಿನ ವಿವರ ಆಗಲೂ ಸರ್ಕಾರಿ ಗುಟ್ಟು. ವಿಮಾನಗಳು ನೀರಿನಿಂದ 60 ಅಡಿ ಎತ್ತರದಲ್ಲೇ ಹಾರಬೇಕಿತ್ತು. ಕತ್ತಲಲ್ಲಿ ಅದನ್ನು ಅಳೆಯಲು ಎರಡು ದೀಪಗಳ ಬೆಳಕು ನೀರಿನ ಮೇಲೆ ಕೂಡುವಂತೆ ಮಾಡಿದರು. ಚಿತ್ರದಲ್ಲಿ ಗಿಬ್ಸನ್‌ಗೆ ಇದು ನಾಟಕ ನೋಡುತ್ತಾ ಹೊಳೆಯುತ್ತದೆ. ನಿಜದಲ್ಲಿ ಆ ಸಲಹೆ ಸರ್ಕಾರಿ ವಿಜ್ಞಾನಿ ಬೆಂಜಮಿನ್ ಲಾಕ್‌ಸ್ಪೈಸರ್ ಅವರದು. ಇಷ್ಟೆಲ್ಲ ಬದಲಾದಾಗ ಯಾರೂ ಇತಿಹಾಸಕ್ಕೆ ಅನ್ಯಾಯವಾಯಿತು ಅಂತ ಬೀದಿಗೆ ಬರಲಿಲ್ಲ.

‘ಆ ಕಾಲ ಹಾಗಿತ್ತು, ಆ ಹೆಸರಿನಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ’ ಎಂಬ ಮಾತು ಈ ಜಗಳದಲ್ಲಿ ಮತ್ತೆ ಮತ್ತೆ ಬರುತ್ತದೆ. ಗಿಬ್ಸನ್‌ಗೆ ಕೆಟ್ಟ ಉದ್ದೇಶ ಇರಲಿಲ್ಲ ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಆ ಕಾಲ ಯಾರ ಪಾಲಿಗೆ ಹಾಗಿತ್ತು? ಯುದ್ಧದ ಹೊತ್ತಿನಲ್ಲಿ ಕೆರಿಬಿಯನ್ ಪ್ರದೇಶದಿಂದ ಸಾವಿರಾರು ಕಪ್ಪು ಜನ ಬಂದು ಬ್ರಿಟಿಷ್ ವಾಯುಪಡೆ ಸೇರಿದ್ದರು. ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದ ಸೈ ಗ್ರಾಂಟ್ ಅವರಲ್ಲಿ ಒಬ್ಬರು. ಅವರು ಲ್ಯಾಂಕಾಸ್ಟರ್ ವಿಮಾನದ ನ್ಯಾವಿಗೇಟರ್. ನೆಲೆ ಅದೇ ಲಿಂಕನ್‌ಶೈರ್‌ನ ಎಲ್ಶಮ್ ವೋಲ್ಡ್ಸ್. ಡ್ಯಾಮ್ ದಾಳಿ ಆಗಿ ಒಂದು ತಿಂಗಳು ಕಳೆದಿತ್ತಷ್ಟೆ, ಅವರ ವಿಮಾನವನ್ನು ನೆದರ್‌ಲೆಂಡ್ಸ್ ಮೇಲೆ ಹೊಡೆದು ಬೀಳಿಸಿದರು. ಯುದ್ಧ ಮುಗಿಯುವವರೆಗೂ ಅವರು ಜರ್ಮನ್ನರ ಸೆರೆಯಲ್ಲಿದ್ದರು. ಆಮೇಲೆ ಬ್ರಿಟನ್ನಿನಲ್ಲಿ ಹೆಸರಾಂತ ನಟ, ಗಾಯಕರಾದರು. ಅದೇ ಜಿಲ್ಲೆ, ಅದೇ ವಿಮಾನ, ಅದೇ ಅಪಾಯ. ಪಕ್ಕದ ನೆಲೆಯ ನಾಯಿಗೆ ಇಟ್ಟ ಹೆಸರು ಅಂಥವರ ಕಿವಿಗೆ ಹೇಗೆ ಕೇಳಿಸುತ್ತಿತ್ತು ಅಂತ ಯೋಚಿಸಿದರೆ ‘ಆ ಕಾಲ’ ಎಂಬ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ ಅನ್ನುವ ಪ್ರಶ್ನೆ ಡನ್‌ಕರ್ಕ್ ಚಿತ್ರಗಳಲ್ಲೂ ಬಂತು. 1940ರಲ್ಲಿ ಜರ್ಮನ್ನರ ಬಲೆಗೆ ಸಿಕ್ಕ ಬ್ರಿಟಿಷ್ ಸೇನೆಯನ್ನು ಹಡಗುಗಳಲ್ಲಿ ಪಾರುಮಾಡಿದ ಫ್ರಾನ್ಸಿನ ಆ ಕಡಲ ತೀರದಲ್ಲಿ ಭಾರತದ ಹೇಸರಗತ್ತೆ ದಳಗಳ ಸೈನಿಕರೂ ಇದ್ದರು. 2017ರ ಚಿತ್ರದಲ್ಲಿ ಅವರು ಇಲ್ಲ ಅಂತ ಹಲವರು ಬರೆದರು. ಅದು ಬರೀ ಸೂಕ್ಷ್ಮತೆಯ ದೂರಲ್ಲ, ದಾಖಲೆಯಲ್ಲಿರುವ ಸಂಗತಿ.

ಹೀಗಾಗಿ ಡ್ಯಾಮ್ ದಾಳಿಯ ವಿಷಯದಲ್ಲಿ ನನ್ನನ್ನು ಕಾಡುವುದು ನಾಯಿಯಲ್ಲ, ನೆಹೈಮ್ ಊರು. ಮೋನೆ ನದಿ ರೂರ್ ನದಿಯನ್ನು ಸೇರುವ ಜಾಗ ಅದು. ಅಲ್ಲಿ ನಾಜಿಗಳು ಬಲವಂತವಾಗಿ ಎಳೆದುತಂದ ಕೆಲಸಗಾರರ ಶಿಬಿರ ಇತ್ತು. ಬಹಳಷ್ಟು ಜನ ಸೋವಿಯತ್ ಒಕ್ಕೂಟದಿಂದ, ಅದರಲ್ಲೂ ಉಕ್ರೇನ್‌ನಿಂದ ತಂದ ಹೆಂಗಸರು. ಸೋವಿಯತ್ ಒಕ್ಕೂಟ ಆಗ ಬ್ರಿಟನ್ನಿನ ಮಿತ್ರದೇಶ. ಅಣೆಕಟ್ಟು ಒಡೆದಾಗ ನೀರಿನ ಗೋಡೆ ಕಣಿವೆಯಲ್ಲಿ ಇಳಿದು ಈ ಶಿಬಿರವನ್ನು ಕೊಚ್ಚಿಕೊಂಡು ಹೋಯಿತು. ದಾಳಿಯಲ್ಲಿ ನೆಲದ ಮೇಲೆ ಸತ್ತವರು ಸುಮಾರು 1,300ರಿಂದ 1,600 ಅಂತ ಲೆಕ್ಕ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೀಗೆ ಸೆರೆಯಲ್ಲಿದ್ದ ಹೊರದೇಶದವರು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಹೊಸ ನಿಯಮಗಳಲ್ಲಿ, ಜನಸಾಮಾನ್ಯರಿಗೆ ಭಾರೀ ಹಾನಿಯಾಗುವಂತೆ ಅಣೆಕಟ್ಟುಗಳ ಮೇಲೆ ದಾಳಿ ಮಾಡುವುದನ್ನು ನಿಷೇಧಿಸಿದರು.

1955ರ ಚಿತ್ರದಲ್ಲಿ ನೀರು ನುಗ್ಗುವುದು ಕಾಣುತ್ತದೆ, ಕಾರ್ಖಾನೆಗೆ ನೀರು ಹೊಕ್ಕುವುದು ಕಾಣುತ್ತದೆ. ನೆಹೈಮ್‌ನ ಶಿಬಿರ ಕಾಣುವುದಿಲ್ಲ. ಚಿತ್ರ ತೆಗೆದವರು ತಮ್ಮವರ ನೋವನ್ನು ಮಾತ್ರ ಪ್ರಾಮಾಣಿಕವಾಗಿ ತೋರಿಸಿದರು, ಅದು ಸಣ್ಣ ವಿಷಯವಲ್ಲ. ಹೋದ 133 ಜನರಲ್ಲಿ 53 ಜನ ಸತ್ತರು, 8 ವಿಮಾನ ಮರಳಲಿಲ್ಲ. ವಾಲಿಸ್ ಆ ಲೆಕ್ಕ ಕೇಳಿ ಕುಸಿಯುವ ದೃಶ್ಯ, ಸತ್ತವರ ಮನೆಗಳಿಗೆ ಕಾಗದ ಬರೆಯಲು ಗಿಬ್ಸನ್ ಒಬ್ಬರೇ ನಡೆದುಹೋಗುವ ಕೊನೆಯ ದೃಶ್ಯ, ಇವೆರಡೂ ಗೆಲುವಿನ ಸಂಗೀತವನ್ನು ತಣ್ಣಗಾಗಿಸುತ್ತವೆ. ದಾಳಿಯ ಮರುವರ್ಷ, 1944ರ ಸೆಪ್ಟೆಂಬರಿನಲ್ಲಿ, ಗಿಬ್ಸನ್ ಕೂಡ ವಿಮಾನ ಬಿದ್ದು ಸತ್ತರು, 26ನೇ ವಯಸ್ಸಿಗೆ.

ಜಾಕ್ಸನ್ ಅವರ ರೀಮೇಕ್ ಇನ್ನೂ ಬಂದಿಲ್ಲ. ಸ್ಕ್ಯಾಂಪ್ಟನ್ ನೆಲೆಯನ್ನು ವಾಯುಪಡೆ 2023ರಲ್ಲಿ ಬಿಟ್ಟುಹೋಯಿತು. ಆ ರಾತ್ರಿ ಹಾರಿದವರಲ್ಲಿ ಕೊನೆಯವರಾಗಿ ಉಳಿದಿದ್ದ ಜಾರ್ಜ್ ಜಾನ್ಸನ್ 2022ರ ಡಿಸೆಂಬರಿನಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ಯಾರಾದರೂ ಈ ಚಿತ್ರ ತೆಗೆದರೆ ನಾಯಿಯನ್ನು ಡಿಗ್ಬಿ ಅಂತ ಕರೆಯಲಿ, ನನ್ನ ತಕರಾರಿಲ್ಲ. ಮೋರ್ಸ್‌ನ ಚುಕ್ಕೆ ಗೆರೆಗಳ ಸದ್ದು ಕೇಳಿಸಿ, ಪದ ಹೇಳದೆಯೂ ಆ ದೃಶ್ಯ ತೆಗೆಯಬಹುದು. ಗಿಬ್ಸನ್ ಕಾಗದ ಬರೆಯಲು ಕೂರುವ ಹೊತ್ತಿಗೆ ಕ್ಯಾಮೆರಾ ಒಮ್ಮೆ ಮೋನೆ ಕಣಿವೆಗೂ ಹೋಗಲಿ, ನೆಹೈಮ್‌ನಲ್ಲಿ ಬೆಳಕು ಹರಿಯುವುದನ್ನೂ ತೋರಿಸಲಿ.