ಪಿಎಚ್‌ಪಿ: ಕ್ಲಾಸ್ ಮೇಲೋ, ಬಳಕೆ ಮೇಲೋ?

ಪ್ರಶ್ನೆ: ಪಿಎಚ್‌ಪಿ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಬಳಸಿದ ಸಾಲಿನ ಕೆಳಗೆ ಕ್ಲಾಸ್ (ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು) ಬರೆದರೂ ಕೋಡ್ ಓಡುತ್ತದೆ. ಹಾಗಿದ್ದೂ ‘ಮೊದಲು ಕ್ಲಾಸ್, ಆಮೇಲೆ ಬಳಕೆ’ ಎಂದು ಅದರ ಮ್ಯಾನ್ಯುಯಲ್ ಹೇಳುವುದೇಕೆ?

ಉತ್ತರ: ಎಲ್ಲ ಸಲವೂ ಓಡುವುದಿಲ್ಲ, ಅದಕ್ಕೆ. ‘ಪಿಎಚ್‌ಪಿ ಇಡೀ ಫೈಲನ್ನು ಮೊದಲೇ ಓದುತ್ತದೆ, ಆದ್ದರಿಂದ ಕ್ರಮ ಮುಖ್ಯವಲ್ಲ’ ಎಂಬ ಮಾತನ್ನು ಎಷ್ಟು ಸಲ ತಿದ್ದಿದರೂ ಅದು ಮತ್ತೆ ಬರುತ್ತದೆ. ಮೊದಲೇ ಓದುವುದು ನಿಜ. ಆದರೆ ಓದುವುದು ಬೇರೆ, ಕ್ಲಾಸನ್ನು ನೋಂದಾಯಿಸುವುದು (ಹೆಸರು ಹೇಳಿದರೆ ಸಿಗುವಂತೆ ಪಟ್ಟಿಗೆ ಸೇರಿಸುವುದು) ಬೇರೆ. ಬೇರೆ ಯಾವ ಕ್ಲಾಸನ್ನೂ ಎಕ್ಸ್‌ಟೆಂಡ್ ಮಾಡದ (ಅದರ ಗುಣಗಳನ್ನು ಪಡೆಯದ), ಇಂಟರ್‌ಫೇಸ್ (ಕ್ಲಾಸಿನಲ್ಲಿ ಏನೇನಿರಬೇಕೆಂಬ ಒಪ್ಪಂದ), ಟ್ರೇಟ್ (ಹಲವು ಕ್ಲಾಸ್‌ಗಳು ಹಂಚಿಕೊಳ್ಳುವ ಕೋಡ್) ಇಲ್ಲದ, ಇಫ್ ಷರತ್ತಿನ ಒಳಗೆ ಕೂರದ ಸರಳ ಕ್ಲಾಸ್, ಕೋಡ್ ಓಡುವ ಮೊದಲಿನ ಕಂಪೈಲ್ ಹಂತದಲ್ಲೇ ನೋಂದಣಿಯಾಗುತ್ತದೆ. ನೀವು ಪರೀಕ್ಷಿಸಿದ್ದು ಅಂಥದ್ದನ್ನೇ ಇರಬೇಕು.

ಈಗ ಇದನ್ನು ಬರೆದು ನೋಡಿ. ಮೊದಲ ಸಾಲಲ್ಲಿ ‘ನ್ಯೂ ಕಾರು’, ಅಂದರೆ ಕಾರಿನ ಒಂದು ಆಬ್ಜೆಕ್ಟ್ ಮಾಡು ಎಂದು. ಅದರ ಕೆಳಗೆ ವಾಹನವನ್ನು ಎಕ್ಸ್‌ಟೆಂಡ್ ಮಾಡುವ ಕಾರು. ಕೊನೆಗೆ ವಾಹನ. ಕಂಪೈಲರ್ ಕಾರಿನ ಬಳಿ ಬಂದಾಗ ವಾಹನ ಯಾವುದೆಂದು ಅದಕ್ಕಿನ್ನೂ ಗೊತ್ತಿರುವುದಿಲ್ಲ. ಹಾಗಾಗಿ ಕಾರಿನ ನೋಂದಣಿ ರನ್‌ಟೈಮ್‌ಗೆ (ಕೋಡ್ ಓಡುವ ಹೊತ್ತಿಗೆ) ಮುಂದಕ್ಕೆ ಹೋಗುತ್ತದೆ. ಆ ಸಾಲು ತಲುಪುವ ಮೊದಲೇ ‘ನ್ಯೂ’ ನಡೆದು, ಕ್ಲಾಸ್ ಸಿಗಲಿಲ್ಲವೆಂದು ಕೋಡನ್ನೇ ನಿಲ್ಲಿಸುವ ಫೇಟಲ್ ಎರರ್ ಬರುತ್ತದೆ. ವಾಹನವನ್ನು ಕಾರಿನ ಮೇಲಕ್ಕೆ ತನ್ನಿ, ಅದೇ ಮೊದಲ ಸಾಲು ಓಡುತ್ತದೆ.

‘ನ್ಯೂ’ ಸಾಲನ್ನು ಫೈಲಿನ ಕೊನೆಗೆ ಹಾಕಿದರೆ ಕಾರು ಮೇಲೆ, ವಾಹನ ಕೆಳಗೆ ಇದ್ದರೂ ನಡೆಯುತ್ತದೆ. ತಪ್ಪು ನಂಬಿಕೆ ಬೆಳೆಯುವುದೇ ಇಲ್ಲಿ. ಕಾರನ್ನು ಎಕ್ಸ್‌ಟೆಂಡ್ ಮಾಡುವ ಟ್ಯಾಕ್ಸಿಯನ್ನು ಎಲ್ಲಕ್ಕಿಂತ ಮೇಲೆ ಸೇರಿಸಿ: ಟ್ಯಾಕ್ಸಿ, ಕಾರು, ವಾಹನ. ಒಂದೇ ಒಂದು ಆಬ್ಜೆಕ್ಟ್ ಮಾಡದಿದ್ದರೂ ಎರರ್. ಟ್ಯಾಕ್ಸಿಯ ಸರದಿ ಬಂದಾಗ ಕಾರು ಇನ್ನೂ ನೋಂದಣಿಯಾಗಿರುವುದಿಲ್ಲ.

ಆದ್ದರಿಂದ ಇಂಟರ್‌ಫೇಸ್, ಟ್ರೇಟ್ ಮೇಲೆ; ಆಮೇಲೆ ಪೇರೆಂಟ್ (ವಾಹನದಂಥದ್ದು), ಚೈಲ್ಡ್ (ಕಾರಿನಂಥದ್ದು); ಬಳಕೆ ಕೊನೆಗೆ. ಇನ್‌ಕ್ಲೂಡ್ ಮಾಡಿದ (ಬೇರೆಡೆಯಿಂದ ಸೇರಿಸಿಕೊಂಡ) ಫೈಲಿನ ಕ್ಲಾಸ್ ಆ ಇನ್‌ಕ್ಲೂಡ್ ಸಾಲು ನಡೆದ ಮೇಲಷ್ಟೇ ಸಿಗುತ್ತದೆ. ಕ್ಲಾಸ್‌ಗೊಂದು ಫೈಲ್ ಮಾಡಿ, ಪಿಎಚ್‌ಪಿ ಲೈಬ್ರರಿಗಳನ್ನು ನಿಭಾಯಿಸುವ ಕಂಪೋಸರ್‌ನ ಆಟೋಲೋಡ್ ಬಳಸಿದರೆ, ಬೇಕಾದಾಗ ಫೈಲನ್ನು ಅದೇ ಹುಡುಕಿ ತರುವುದರಿಂದ ಈ ಲೆಕ್ಕವೇ ಬೇಡ. ಕ್ಲಾಸಿನ ಒಳಗಿನ ಮೆಥಡ್‌ಗಳಿಗಂತೂ (ಫಂಕ್ಷನ್‌ಗಳಿಗೆ) ಯಾವ ಕ್ರಮವೂ ಇಲ್ಲ.

ಮೇಲೆ ಕೊಟ್ಟದ್ದು ಬರೀ ಉದಾಹರಣೆಯ ಹೆಸರುಗಳಲ್ಲ; ಪಿಎಚ್‌ಪಿಯಲ್ಲಿ ಕ್ಲಾಸ್‌ಗೆ ಕನ್ನಡದಲ್ಲೇ ಹೆಸರಿಡಬಹುದು. ಆದರೆ ‘ಕಾರು’ ಬದಲು ‘ಕಾರ್’ ಎಂದಿಟ್ಟರೆ ಎಚ್ಚರ. ಅರ್ಧಾಕ್ಷರದ ಕೊನೆಗೆ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಸೇರಿಸುತ್ತವೆ. ಕ್ಲಾಸ್ ಬರೆದಲ್ಲಿ ಅದಿದ್ದು ಬಳಸಿದಲ್ಲಿ ಇಲ್ಲದಿದ್ದರೆ ಅವು ಎರಡು ಬೇರೆ ಹೆಸರುಗಳು; ಆಗ ಕ್ರಮ ಸರಿಯಿದ್ದರೂ ಕ್ಲಾಸ್ ಸಿಗುವುದಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ‘ಕಾರ್’ 12 ಬೈಟ್; ಬೈಟ್ ಎಣಿಸುವ ಸ್ಟ್ರ್‌ಲೆನ್ ಫಂಕ್ಷನ್ 15 ತೋರಿಸಿದರೆ ಹೆಸರನ್ನು ಅಳಿಸಿ ಮತ್ತೆ ಟೈಪ್ ಮಾಡಿ.